ಏಳು ಹೆಸರಿನ ಒಂದು ವಿಳಾಸ

ನವೆಂಬರ್ ಹತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹದಿನೈದು ನಿಮಿಷ. ಸ್ಥಳ, ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ನಾನು ಕಂಪ್ಯೂಟರಿನ ಮುಂದೆ, ಅವಳು ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತ.

ಹೀಗೆ ಬರೆದೇ ದಿನ ಶುರುಮಾಡುವುದು ಮೂವತ್ತಾರು ವರ್ಷ ತಂತಿ ಕಚೇರಿಯಲ್ಲಿ ದುಡಿದವನ ಚಾಳಿ. ಅಲ್ಲಿ ಪಾಳಿಗೆ ಕುಳಿತ ಕೂಡಲೇ ತಾರೀಕು, ಗಂಟೆ, ಯಾರು ಹಾಜರು ಎಂದು ದಿನದ ಪುಸ್ತಕದಲ್ಲಿ ಬರೆಯಬೇಕಿತ್ತು. ಪಾಳಿ ಮುಗಿಸಿ ಏಳುವಾಗ ಕೊನೆಗೆ ಮುಗಿಸಿದ ಕೆಲಸ ಯಾವುದೆಂದು ಬರೆದು ಸಹಿ ಹಾಕಬೇಕಿತ್ತು. ತಂತಿ ನಿಂತಿತು, ಕಚೇರಿ ಮುಚ್ಚಿತು. ನನ್ನ ಪುಸ್ತಕ ಮಾತ್ರ ನಿಲ್ಲಲಿಲ್ಲ.

ಅಂದಿನ ಮೊದಲ ಕೆಲಸ ಒಂದು ಕಾಗದ ಕಳಿಸುವುದು. ನಮ್ಮ ಹಳೆಯ ತಂತಿ ಮಾಸ್ತರರು ಹಿಂದಿನ ಮಂಗಳವಾರ ಕುರುಗೋಡಿನ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಅದೇ ದಿನ ಮುಗಿದಿತ್ತು. ಸುದ್ದಿ ತಿಳಿದ ನಾಲ್ಕಾರು ಜನರಷ್ಟೇ ಹೋಗಿದ್ದೆವು. ಬರುವ ಶುಕ್ರವಾರ ಹನ್ನೊಂದನೆಯ ದಿನದ ಶಿವಗಣಾರಾಧನೆ. ಅದಕ್ಕೆ ಎಲ್ಲರನ್ನೂ ಕರೆಯಬೇಕೆಂದು ಅವರ ಮಗಳು ನನಗೆ ಹೇಳಿದ್ದಳು.

ಎಲ್ಲರೂ ಅಂದರೆ ನಿವೃತ್ತ ತಂತಿ ನೌಕರರ ನಮ್ಮ ಸಂಘ. ಬಳ್ಳಾರಿಯಲ್ಲಿ ಮೂವತ್ತೊಂದು ಹೆಸರು, ಸಿರುಗುಪ್ಪದಲ್ಲಿ ಹದಿನಾಲ್ಕು, ಕುರುಗೋಡಿನಲ್ಲಿ ಹನ್ನೊಂದು, ಒಟ್ಟು ಐವತ್ತಾರು. ಮೊದಲು ಪೋಸ್ಟ್ ಕಾರ್ಡ್ ಬರೆಯುತ್ತಿದ್ದೆ. ಬೆರಳು ಸೆಟೆಯತೊಡಗಿದ ಮೇಲೆ ಇಮೇಲ್‌ಗೆ ಬಂದೆ. ನೌಕರಿಯ ಕೊನೆಯ ವರ್ಷಗಳಲ್ಲಿ ಇಲಾಖೆ ನಮ್ಮನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿತ್ತು. ಜೊತೆಯವರು ಅಲ್ಲಿ ತೂಕಡಿಸಿದರು, ನಾನು ಟಿಪ್ಪಣಿ ಬರೆದುಕೊಂಡೆ. ನಿವೃತ್ತನಾದ ಮೇಲೆ ಉಳಿದದ್ದನ್ನು ಸ್ವಂತ ಕಲಿತೆ. ಕಾಗದ ಕಳಿಸುವ ಪ್ರೋಗ್ರಾಂ ನಾನೇ ಬರೆದದ್ದು.

ಬರೆಯುವ ಕ್ರಮ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮ ಹಿಂದಿನ ಬೀದಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ರಟ್ಟಿನಲ್ಲಿ ಒಂದು ಪ್ಯಾಟರ್ನ್ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದು ಎಷ್ಟು ಪ್ಯಾಂಟ್ ಬೇಕೋ ಅಷ್ಟು ಕತ್ತರಿಸುತ್ತಾರೆ. ಪ್ರೋಗ್ರಾಂನಲ್ಲಿ ಆ ರಟ್ಟಿಗೆ ಕ್ಲಾಸ್ ಎನ್ನುತ್ತಾರೆ, ಅದರಿಂದ ಬಂದ ಪ್ಯಾಂಟಿಗೆ ಆಬ್ಜೆಕ್ಟ್. ನಾನು ಎರಡು ರಟ್ಟು ಮಾಡಿಕೊಂಡಿದ್ದೆ. ಒಂದರ ಹೆಸರು 'ವಿಳಾಸ', ಇನ್ನೊಂದರ ಹೆಸರು 'ಗುಂಪು'. ಪ್ರತಿ ವಿಳಾಸದಲ್ಲಿ ಒಬ್ಬರ ಹೆಸರು ಮತ್ತು ಅವರ ಇಮೇಲ್ ಇರುತ್ತದೆ. ಗುಂಪಿನೊಳಗೆ ವಿಳಾಸಗಳಿರುತ್ತವೆ, ಇನ್ನೊಂದು ಗುಂಪೂ ಇರಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರನ್ನೂ 'ಎಲ್ಲರೂ' ಎಂಬ ದೊಡ್ಡ ಗುಂಪಿನಲ್ಲಿ ಇಟ್ಟಿದ್ದೆ. 'ಎಲ್ಲರೂ' ಎಂದರೆ ಸಾಕು, ಪ್ರೋಗ್ರಾಂ ಮೂರನ್ನೂ ಬಿಚ್ಚಿ, ಒಬ್ಬೊಬ್ಬರ ಹೆಸರು ಮೇಲೆ ಬರೆದು, ಬೇರೆ ಬೇರೆ ಕಾಗದ ಕಳಿಸುತ್ತಿತ್ತು.

ಕುರುಗೋಡಿನಿಂದ ಬಳ್ಳಾರಿಗೆ ಬಂದು ನೆಲೆಸಿದ ಐದು ಜನ ಎರಡೂ ಗುಂಪಿನಲ್ಲಿದ್ದರು. ಅವರಿಗೆ ಪ್ರತಿ ಸಲ ಎರಡು ಕಾಗದ ಹೋಗುತ್ತಿದ್ದವು. ಅವರಲ್ಲೊಬ್ಬರು ತರಕಾರಿ ಮಾರ್ಕೆಟ್ಟಿನಲ್ಲಿ ಎಲ್ಲರ ಮುಂದೆ ಚುಚ್ಚಿದರು. "ಏನ್ರಿ, ನಮಗ ಎರಡೆರಡು ಕಾಗದ! ಒಂದು ನನಗ, ಒಂದು ನನ್ನ ನೆರಳಿಗೇನ್ರಿ?"

ನನಗೆ ಅದು ತಾಗಿತು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಹೊಸ ನಿಯಮ ಬರೆದೆ. ಎರಡು ಆಬ್ಜೆಕ್ಟ್ ಒಂದೇ ಎಂದು ಯಾವಾಗ ತಿಳಿಯಬೇಕು ಎಂಬುದನ್ನು ಪ್ರೋಗ್ರಾಂಗೆ ನಾವೇ ಹೇಳಿಕೊಡಬೇಕು, ತನ್ನಷ್ಟಕ್ಕೆ ಅದಕ್ಕೆ ಗೊತ್ತಿರುವುದಿಲ್ಲ. ಇಮೇಲ್ ಒಂದೇ ಇದ್ದರೆ ಮನುಷ್ಯ ಒಬ್ಬನೇ, ಮೊದಲು ಸಿಕ್ಕಿದವನನ್ನು ಇಟ್ಟುಕೊ, ಉಳಿದವರನ್ನು ಬಿಡು ಎಂದು ಮೂರು ಸಾಲಿನಲ್ಲಿ ಬರೆದೆ. ಓಡಿಸಿ ನೋಡಿದೆ. ಐವತ್ತಾರು ಇದ್ದದ್ದು ನಲವತ್ತೈದಕ್ಕೆ ಇಳಿಯಿತು. ಗುಡಿಸಿದ ಅಂಗಳ ನೋಡಿದಷ್ಟು ಹಿತವಾಯಿತು. ಎರಡು ಕಡೆ ಇದ್ದವರು ಐದೇ ಜನ, ಹಾಗಾದರೆ ಐವತ್ತೊಂದು ಉಳಿಯಬೇಕಿತ್ತು. ಆ ಕಳೆಯುವ ಲೆಕ್ಕ ನಾನು ಮಾಡಲಿಲ್ಲ. ತಂತಿ ಕಚೇರಿಯಲ್ಲಿ ನಮಗೆ ಮೊದಲ ದಿನ ಕಲಿಸಿದ್ದೇ ಅದು. ಈ ತುದಿಯಲ್ಲಿ ಎಷ್ಟು ಪದ ಕಳಿಸಿದೆವೋ ಆ ತುದಿಯಲ್ಲಿ ಅಷ್ಟು ಪದ ಬಂದವೇ ಎಂದು ಎಣಿಸಿ ಕೇಳಬೇಕು. ಕಲಿಸಿದವರು ಈ ಮಾಸ್ತರರೇ.

ಅಕ್ಟೋಬರಿನಲ್ಲಿ ಹೊಸ ನಿಯಮದಿಂದ ಮೊದಲ ಕಾಗದ ಹೋಯಿತು. ಮಾಸ್ತರರು ಹಾಸಿಗೆ ಹಿಡಿದಿದ್ದಾರೆ, ನಮ್ಮನ್ನೆಲ್ಲ ಒಮ್ಮೆ ನೋಡಬೇಕಂತೆ, ಬರುವ ಭಾನುವಾರ ಕುರುಗೋಡಿಗೆ ಬನ್ನಿ ಎಂದು ಬರೆದಿದ್ದೆ. ಮೂವತ್ತಕ್ಕೂ ಹೆಚ್ಚು ಜನ ಬಂದರು. ಪಡಸಾಲೆಯಲ್ಲಿ ಜಾಗ ಸಾಲದೆ ಹೊರಗೆ ಚಾಪೆ ಹಾಸಿದರು. ಮಾಸ್ತರರು ದಿಂಬಿಗೆ ಒರಗಿ, ಒಬ್ಬೊಬ್ಬರ ಮುಖ ನೋಡಿ, ಮತ್ತೆ ಮತ್ತೆ ಒಂದೇ ಮಾತು ಕೇಳಿದರು.

"ಸಿರುಗುಪ್ಪದಾವ ಬಂದ್ನೇನು?"

ಅವರು ಕೇಳುತ್ತಿದ್ದದ್ದು ನಮ್ಮ ತಂತಿ ಪೇದೆಯನ್ನು. ಬಹಳ ವರ್ಷಗಳ ಹಿಂದೆ ನಾವು ಮೂವರೂ ಬಳ್ಳಾರಿ ಕಚೇರಿಯಲ್ಲಿದ್ದೆವು. ಮಾಸ್ತರರು ಮೇಲಿನವರು, ನಾನು ಯಂತ್ರದ ಮುಂದೆ, ಅವನು ಸೈಕಲ್ ಮೇಲೆ ತಂತಿ ಹಂಚುತ್ತ. ಒಂದು ಸಲ ಕೊಳಗಲ್ಲು ಎಂಬ ಹಳ್ಳಿಯ ಒಬ್ಬನಿಗೆ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾನೆ ಎಂಬ ತಂತಿ ಒಂದು ದಿನ ತಡವಾಗಿ ಮುಟ್ಟಿತು. ಅವನು ಅಪ್ಪನ ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂತಿರುಗಿ ಬಂದು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅತ್ತ. ವಿಚಾರಣೆ ಆಯಿತು. ವಿಳಂಬಕ್ಕೆ ಕಾರಣ ಪೇದೆಯ ನಿರ್ಲಕ್ಷ್ಯ ಎಂದು ಮಾಸ್ತರರು ಮೆಮೊ ಬರೆದರು. ಪೇದೆ ಒಂದು ಮಾತೂ ಆಡದೆ ಸಹಿ ಹಾಕಿದ. ಅವನನ್ನು ಸಿರುಗುಪ್ಪಕ್ಕೆ ವರ್ಗ ಮಾಡಿದರು. ಉಳಿದ ನೌಕರಿಯೆಲ್ಲ ಅಲ್ಲೇ ಕಳೆದು, ಅಲ್ಲೇ ಮನೆ ಮಾಡಿಕೊಂಡ.

ಆ ಭಾನುವಾರ ಸಿರುಗುಪ್ಪದಿಂದ ಬಂದ ಲೈನ್‌ಮನ್ ಒಬ್ಬರನ್ನು ನಾನೇ ಪಕ್ಕಕ್ಕೆ ಕರೆದು ಕೇಳಿದೆ.

"ಅವನ್ಯಾಕ ಬರಲಿಲ್ರಿ?"

"ನನಗ ಹೆಂಗ ಬಂದೈತಿ, ಅವನಿಗೂ ಕಾಗದ ಬಂದಿರತೈತಿ. ಬರೋ ಮನಸಿದ್ರ ಬರ್ತಿದ್ದ. ಆ ಮೆಮೊ ಮರ್ತಾನಂತ ತಿಳ್ದೀರೇನು?"

ಅಲ್ಲಿದ್ದವರೆಲ್ಲ ಹಾಗೆಯೇ ತಿಳಿದೆವು. ಮಾಸ್ತರರೂ ಹಾಗೆಯೇ ತಿಳಿದರು. ಸಂಜೆ ಎಲ್ಲರೂ ಏಳುವಾಗ ಗೋಡೆಯ ಕಡೆ ಮುಖ ಮಾಡಿ, "ಇನ್ನೂ ಸಿಟ್ಟು ಐತಿ ಅವಂಗ. ಇರಬೇಕಾದ್ದ," ಎಂದರು.

ಅವರು ತೀರಿಕೊಳ್ಳುವ ಎರಡು ದಿನ ಮೊದಲು ನಾನೊಬ್ಬನೇ ಮತ್ತೆ ಹೋಗಿದ್ದೆ. ಮಗಳನ್ನು ಒಳಗೆ ಕಳಿಸಿ ನನ್ನ ಕೈ ಹಿಡಿದುಕೊಂಡರು. "ಆ ಕೊಳಗಲ್ಲಿನ ತಂತಿ ಅವನ ಹಂತ್ಯಾಕ ಹೋಗಿರಲೇ ಇಲ್ಲೋ. ಇಡೀ ದಿನ ನನ್ನ ಪುಸ್ತಕದ ಕೆಳಗ ಇತ್ತು. ನಾ ಇಟ್ಟು ಮರ್ತಿದ್ದೆ. ಮೆಮೊ ಅವನ ಮ್ಯಾಲೆ ಬರದೆ. ಅವ ಬಂದ್ರ ನನ್ನ ಬಾಯಿಲೇ ಹೇಳಬೇಕಂತಿದ್ದೆ. ಬರ್ಲಿಲ್ಲ. ನೀ ಹೇಳು."

ಹೇಳುತ್ತೇನೆ ಎಂದೆ. ಆದರೆ ಅವತ್ತೇ ಸಿರುಗುಪ್ಪದ ಬಸ್ ಹತ್ತಲಿಲ್ಲ. ಕರೆದರೂ ಬಾರದವನ ಮನೆಗೆ ಹೋಗುವುದು ಹೇಗೆಂದು ಬಿಗುಮಾನ. ಅವರು ತೀರಿಕೊಂಡಾಗ, ಎಲ್ಲ ಕಾರ್ಯ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡೆ.

ಇಷ್ಟು ಹಿಂದಿನದು. ಆ ಮಂಗಳವಾರ ಆರೂವರೆಗೆ ಆರಾಧನೆಯ ಕಾಗದ ಕಳಿಸಿ, ಸ್ನಾನ ಮಾಡಿ, ಎಂಟಕ್ಕೆ ತಿಂಡಿಗೆ ಕುಳಿತೆ. ಫೋನ್ ಬಂತು. ಸಿರುಗುಪ್ಪದ ಝೆರಾಕ್ಸ್ ಅಂಗಡಿಯಾಕೆ. ಅಲ್ಲಿಯ ನಮ್ಮ ಜನರಲ್ಲಿ ಕೆಲವರಿಗೆ ಸ್ವಂತ ಇಮೇಲ್ ಇಲ್ಲ, ಅವಳ ಅಂಗಡಿಯದನ್ನೇ ಕೊಟ್ಟಿದ್ದರು. ಕಾಗದ ಬಂದರೆ ಅವಳು ದೊಡ್ಡ ಅಕ್ಷರದಲ್ಲಿ ಅಚ್ಚು ತೆಗೆದು, ಮೇಲಿನ ಹೆಸರು ನೋಡಿ, ಅವರವರ ಕೈಗೆ ಕೊಡುತ್ತಿದ್ದಳು. ಇದು ನನಗೆ ಗೊತ್ತಿದ್ದದ್ದೇ. ನಿಯಮ ಬರೆಯುವಾಗ ನೆನಪಾಗಲಿಲ್ಲ.

"ಸಾರ್, ತಪ್ಪು ತಿಳ್ಕೋಬ್ಯಾಡ್ರಿ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವ."

"ಮೊದ್ಲು ನಿಮ್ಮ ಕಾಗದ ಏಳು ಬರ್ತಿದ್ವು. ಹೋದ ಸಲ ಒಂದ ಬಂತು. ಈ ಸಲಾನೂ ಒಂದ, ಲೈನ್‌ಮನ್ ಅಜ್ಜಾರದು. ಉಳಿದ ಆರು ಮಂದಿ ತೀರಿಕೊಂಡ್ರೇನ್ರಿ?" ಅಷ್ಟು ಹೇಳಿ ಯಾರೋ ಗಿರಾಕಿಗೆ ತೆಲುಗಿನಲ್ಲಿ ಸ್ವಲ್ಪ ತಾಳು ಎಂದು ಗದರಿದಳು. ಮತ್ತೆ ಫೋನಿಗೆ ಬಂದಳು. "ಸೈಕಲ್ ಅಜ್ಜಾರು ನಿನ್ನೆ ಇಲ್ಲೇ ಮುಂದ ಹೋದ್ರಪ್ಪ, ಅದಕ್ಕ ಕೇಳ್ದೆ."

ಕೈಯಲ್ಲಿದ್ದ ಉಪ್ಪಿಟ್ಟಿನ ಚಮಚ ತಟ್ಟೆಗೆ ಇಟ್ಟೆ. ಏಳು ಜನರಿಗೆ ಒಂದೇ ಇಮೇಲ್. ಅಂಗಡಿಯದು ಒಂದೇ ಅಂಚೆಪೆಟ್ಟಿಗೆ, ಅದರ ಮೇಲೆ ಹೆಸರು ಏಳು. ನನ್ನ ನಿಯಮ ಏಳು ಮುದುಕರನ್ನು ಒಬ್ಬನೇ ಎಂದು ತಿಳಿದು ಆರು ಜನರನ್ನು ಬಿಟ್ಟಿತ್ತು. ಅವರಲ್ಲಿ ಮೂವರು ಫೋನಿನಲ್ಲಿ ಅವರಿವರಿಂದ ಕೇಳಿ ಅಕ್ಟೋಬರಿನ ಆ ಭಾನುವಾರ ಬಂದಿದ್ದರು. ಇಬ್ಬರು ಊರಲ್ಲೇ ಇರಲಿಲ್ಲ. ಉಳಿದವನು ಪೇದೆ, ಅವಳ ಸೈಕಲ್ ಅಜ್ಜ. ಅವನಿಗೆ ನಾಲ್ಕು ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಫೋನ್ ಅವನಿಗೆ ಉಪಯೋಗವಿಲ್ಲ, ಕಾಗದವೊಂದೇ ದಾರಿ.

ಹೆಂಡತಿಗೆ ಹೇಳಿದೆ. ಅವಳು, "ನಾವು ನಾಕು ಸೊಸ್ಯಾರು ಒಂದ ಮನ್ಯಾಗ ಇದ್ದಾವ್ರು. ಬಾಗಿಲು ಒಂದ ಐತಂತ ನಾವು ನಾಕೂ ಮಂದಿ ಒಬ್ಬಾಕೆ ಆಗಿದ್ವೇನ್ರಿ?" ಎಂದಳು. ಆಮೇಲೆ ಮೊರ ಬದಿಗಿಟ್ಟು, "ಈಗ ಹೋಗ್ರಿ. ಇನ್ನೊಂದು ಕಾಗದ ಕಳಿಸ್ತೀನಿ ಅನಬ್ಯಾಡ್ರಿ. ನೀವ ಖುದ್ದ ಹೋಗ್ರಿ," ಎಂದಳು.

ಹೊರಡುವ ಮೊದಲು ಒಂದು ಬಿಳಿ ಹಾಳೆಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ತಂತಿ ಮುಟ್ಟಿಸಿದ್ದಕ್ಕೆ ನಾವು ಪಡೆಯುತ್ತಿದ್ದ ಚೀಟಿಯ ಹಾಗೆ. ಯಾರಿಗೆ, ಬಂದ ಹೊತ್ತು, ಮುಟ್ಟಿಸಿದ ಹೊತ್ತು, ವಿಳಂಬಕ್ಕೆ ಕಾರಣ, ಸಹಿ. ಯಾಕೆ ಎಳೆದೆನೋ ಗೊತ್ತಿಲ್ಲ. ಕೈಗೆ ಏನಾದರೂ ಕ್ರಮದ ಕೆಲಸ ಬೇಕಾಗಿತ್ತು.

ಒಂಬತ್ತೂ ಹತ್ತರ ಬಸ್. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತ ಹಣ್ಣಾಗಿ ಬಾಗಿತ್ತು, ಕೊಯ್ಯುವ ಯಂತ್ರಗಳು ಗದ್ದೆಗೆ ಇಳಿದಿದ್ದವು. ಅವನಿಗೆ ಬರೆದು ತೋರಿಸಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತ ಹೋದೆ. ತಂತಿಯವನಿಗೆ ಕಡಿಮೆ ಪದಗಳಲ್ಲಿ ಹೇಳುವುದು ಅಭ್ಯಾಸ. ಅಂದು ಒಂದು ವಾಕ್ಯವೂ ಕೂಡಿಬರಲಿಲ್ಲ.

ಅವನ ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ನೀಲಿ ಬಣ್ಣದ ಬಾಗಿಲು, ಒಳಗೆ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಒರೆಸಿ ನಿಲ್ಲಿಸಿದ ಹಳೆಯ ಸೈಕಲ್. ಕಿಟಕಿಯ ಬಳಿ ಪೇಪರ್ ಓದುತ್ತಿದ್ದವನು ನನ್ನನ್ನು ಕಂಡು ದಡಬಡಿಸಿ ಎದ್ದ. ಕಿವಿ ಹೋದವರು ಮಾತಾಡುವಂತೆ ಜೋರಾಗಿ ಕೂಗಿದ.

"ಅರರೆ, ಸಾರು! ಬರ್ರಿ ಬರ್ರಿ! ದಾರಿ ತಪ್ಪಿ ಬಂದ್ರೇನು? ಮಾಸ್ತರು ಹ್ಯಾಂಗದಾರ್ರಿ?"

ನನ್ನ ನೋಟ್‌ಬುಕ್ ತೆಗೆದೆ. ದೊಡ್ಡ ಅಕ್ಷರದಲ್ಲಿ ಬರೆದೆ. ಮಾಸ್ತರರು ಹೋದ ಮಂಗಳವಾರ ತೀರಿಕೊಂಡರು.

ಅವನು ಕನ್ನಡಕ ಸರಿಮಾಡಿಕೊಂಡು ಓದಿದ. ಇನ್ನೊಮ್ಮೆ ಓದಿದ. ನಂತರ ನೋಟ್‌ಬುಕ್ಕನ್ನು ಎರಡೂ ಕೈಯಿಂದ ನನಗೆ ಹಿಂದಕ್ಕೆ ಕೊಟ್ಟ, ಹಿಂದೆ ತಂತಿ ಕೊಡುತ್ತಿದ್ದ ಹಾಗೆಯೇ.

"ಮಣ್ಣಾತೇನ್ರಿ?" ಈ ಸಲ ದನಿ ಸಣ್ಣಗಿತ್ತು.

ತಲೆ ಆಡಿಸಿದೆ. ಬರೆಯುತ್ತಲೇ ಹೋದೆ. ಅಕ್ಟೋಬರಿನ ಭಾನುವಾರ, ನಾವೆಲ್ಲ ಹೋದದ್ದು, ಅವರು ಅವನನ್ನು ಕೇಳಿದ್ದು, ನನ್ನ ಪ್ರೋಗ್ರಾಂ ಅವನ ಹೆಸರು ಬಿಟ್ಟದ್ದು. ಕೊನೆಗೆ ಮಾಸ್ತರರು ಹೇಳಿದ ಮಾತು, ಅವರ ಬಾಯಿಂದ ಬಂದಂತೆಯೇ, ಒಂದು ಪದ ಬಿಡದೆ. ಅವನು ಪ್ರತಿ ಸಾಲನ್ನೂ ತುಟಿ ಆಡಿಸಿ ಓದಿದ. ಪುಸ್ತಕದ ಕೆಳಗೆ ಇತ್ತು ಎಂಬಲ್ಲಿಗೆ ಬಂದಾಗ ಬೆರಳಿಟ್ಟು ನಿಂತ.

"ನನಗ ಗೊತ್ತಿಲ್ಲೇನ್ರಿ ಸಾರ? ಮರುದಿನ ಮುಂಜಾನಿ ಆ ಪುಸ್ತಕ ಎತ್ತಿ ತಂತಿ ತಗೊಂಡಾವ ನಾನ."

ನಾನು ಅವನ ಮುಖ ನೋಡಿದೆ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಬರೆದೆ.

"ಅವತ್ತು ಅವರ ಮಗಳು ದವಾಖಾನ್ಯಾಗ ಇದ್ಲು. ಮಾಸ್ತರು ತಾಸಿಗೊಮ್ಮೆ ಅಲ್ಲಿಗೆ ಓಡ್ತಿದ್ರು. ನಾ ನೋಡೀನಿ. ಮರೀತಾರ್ರಿ ಮನುಷ್ಯಾರು. ಮೆಮೊ ಬರದದ್ದು ತ್ರಾಸಾತು, ಸುಳ್ಳು ಹೇಳಂಗಿಲ್ಲ. ಎರಡು ವರ್ಷ ಮಾರಿ ನೋಡಿಲ್ಲ. ಆಮ್ಯಾಲೆ ಯಾತರ ಸಿಟ್ಟು?" ಹೆಗಲ ಮೇಲಿನ ಟವೆಲ್‌ನಿಂದ ಕಣ್ಣೊರೆಸಿಕೊಂಡ. "ಆ ಮೆಮೊ ಹೋಗ್ಲಿ ಬಿಡ್ರಿ. ನಾ ಬರ್ತಿದ್ನಲ್ರಿ ಸಾರ. ಒಂದು ಮಾತು ತಿಳಿದಿದ್ರ ಸೈಕಲ್ ಮ್ಯಾಲೆ ಬರ್ತಿದ್ದೆ. ನಾನು ಬರಲಿಲ್ಲಂತ ತಿಳ್ಕೊಂಡು ಹೋದ್ರು."

ಎಷ್ಟೋ ಜನರ ಸಾವಿನ ಸುದ್ದಿಯನ್ನು ಬಿಸಿಲು ಮಳೆ ಎನ್ನದೆ ಹೊತ್ತಿಗೆ ಮುಟ್ಟಿಸಿದವನು ಅವನು. ಅವನಿಗೆ ಬರಬೇಕಾಗಿದ್ದ ಒಂದೇ ಒಂದು ಸುದ್ದಿಯನ್ನು ನಾನು ಮುಟ್ಟಿಸಲಿಲ್ಲ.

ಅವನ ಹೆಂಡತಿ ಚಹಾ ತಂದಿಟ್ಟಳು. ನೋಟ್‌ಬುಕ್ಕಿನೊಳಗಿಂದ ನಾನು ಗೆರೆ ಎಳೆದ ಹಾಳೆ ಜಾರಿ ಬಿತ್ತು. ಅವನು ಎತ್ತಿ ನೋಡಿ ಒಮ್ಮೆಲೇ ಗುರುತು ಹಿಡಿದ. ಅಷ್ಟು ದುಃಖದಲ್ಲೂ ಸ್ವಲ್ಪ ನಕ್ಕ.

"ನೀವು ಬಿಡೋ ಮಂದಿ ಅಲ್ರಿ. ಸಾವಿಗೂ ರಸೀದಿ! ತುಂಬ್ರಿ ಮತ್ತ, ಖಾಲಿ ಯಾಕ ಬಿಟ್ಟೀರಿ?"

ತುಂಬಿದೆ. ಬಂದ ಹೊತ್ತು ಎಂಬಲ್ಲಿ ಅಕ್ಟೋಬರಿನ ಆ ಕಾಗದದ ತಾರೀಕು. ಮುಟ್ಟಿಸಿದ ಹೊತ್ತು ಎಂಬಲ್ಲಿ ಅಂದಿನದು, ಹನ್ನೊಂದೂ ಐದು. ಮುಂದಿನ ಖಾನೆಯ ಮೇಲೆ ಪೆನ್ನು ನಿಂತಿತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ವಿಳಂಬಕ್ಕೆ ಕಾರಣ, ಕಳಿಸಿದವನ ತಪ್ಪು ಎಂದು ಬರೆದೆ. ಅವನು ಓದಿ ಸಹಿ ಹಾಕಿದ. ಮೆಮೊಗೆ ಹಾಕಿದ ಅದೇ ಸಹಿ, ಕೊನೆಯ ಅಕ್ಷರದ ಬಾಲ ಉದ್ದ.

ಎದ್ದು ನಿಂತಾಗ ಆರಾಧನೆಗೆ ಬರಬೇಕೆಂದು ಬರೆದು ತೋರಿಸಿದೆ.

"ಬರ್ತೀನ್ರಿ. ಆದ್ರ ಬರೇ ನೀವು ಹೇಳಿದ್ರ ನಡೀದು. ಎಲ್ಲಾರಿಗೂ ಕಾಗದ ಬರತೈತಲ್ಲ, ನನಗೂ ನನ್ನ ಹೆಸರ್ಲೇ ಕಾಗದ ಬರಲಿ."

ಮಧ್ಯಾಹ್ನ ಎರಡೂವರೆಗೆ ಮನೆ. ಊಟ ಮಾಡಿ, ಅಭ್ಯಾಸದ ಇಪ್ಪತ್ತು ನಿಮಿಷದ ನಿದ್ದೆ ಅಂದು ಬಿಟ್ಟು, ಕಂಪ್ಯೂಟರಿನ ಮುಂದೆ ಕುಳಿತೆ. ಆ ಮೂರು ಸಾಲು ಅಳಿಸಿದೆ. 'ಸದಸ್ಯ' ಎಂಬ ಮೂರನೆಯ ರಟ್ಟು ಮಾಡಿದೆ. ಸಂಘದ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಸೇರಿದ ಕ್ರಮದಲ್ಲಿ ಒಂದು ನಂಬರ್ ಇದೆ, ಅದು ಇಬ್ಬರಿಗೆ ಒಂದೇ ಆಗುವುದಿಲ್ಲ. ಆ ನಂಬರ್ ಒಂದೇ ಇದ್ದರೆ ಮಾತ್ರ ಮನುಷ್ಯ ಒಬ್ಬನೇ ಎಂದು ಬರೆದೆ. ಇನ್ನು ಮುಂದೆ ಗುಂಪಿನೊಳಗೆ ಇರುವುದು ಸದಸ್ಯರು. ಇಮೇಲ್ ಎಂಬುದು ಅವರ ಕೈಯಲ್ಲಿರುವ ಒಂದು ವಸ್ತು ಅಷ್ಟೇ, ಬೇಕಾದರೆ ಏಳು ಜನ ಹಂಚಿಕೊಳ್ಳಲಿ. ಕೆಲಸ ದೊಡ್ಡದಲ್ಲ, ಎರಡು ಗಂಟೆಯದು. ಸೆಪ್ಟೆಂಬರಿನಲ್ಲೂ ಎರಡೇ ಗಂಟೆ ಹಿಡಿಯುತ್ತಿತ್ತು. ಅಷ್ಟು ದಿನ ಮೊದಲೇ ಮಾಡಿದ್ದರೆ ಎಂದು ಅಂದುಕೊಳ್ಳದೆ ಒಂದು ಸಾಲೂ ಬರೆಯಲಾಗಲಿಲ್ಲ.

ಆಮೇಲೆ ಎಣಿಕೆ. ಐವತ್ತಾರರಲ್ಲಿ ಐದು ಕಳೆದರೆ ಐವತ್ತೊಂದು ಎಂದು ಕಾಗದದ ಮೇಲೆ ಮೊದಲು ಬರೆದಿಟ್ಟುಕೊಂಡು ಓಡಿಸಿದೆ. ಪರದೆಯ ಮೇಲೆ ಐವತ್ತೊಂದು ಬಂತು. ನಂಬಲಿಲ್ಲ. ಹೆಸರುಗಳನ್ನು ಅಚ್ಚು ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಒಂದೊಂದೇ ಕೂಗಿದಳು, ನಾನು ಸಂಘದ ಪುಸ್ತಕದಲ್ಲಿ ಗುರುತು ಹಾಕಿದೆ. ಸಿರುಗುಪ್ಪದ ಹದಿನಾಲ್ಕರಲ್ಲಿ ಪೇದೆಯ ಹೆಸರು ಬಂದಾಗ ಅವಳು ಅದನ್ನು ಎರಡು ಸಲ ಓದಿದಳು.

ಬೆಳಿಗ್ಗೆ ಬಿಟ್ಟುಹೋದ ಆರು ಜನರಿಗೆ ಸಂಜೆ ಏಳಕ್ಕೆ ಆರಾಧನೆಯ ಕಾಗದ ಕಳಿಸಿ, ಅರ್ಧ ಗಂಟೆ ಬಿಟ್ಟು ಸಿರುಗುಪ್ಪಕ್ಕೆ ಫೋನ್ ಮಾಡಿದೆ.

"ಬಂದಾವೇನವ್ವ?"

"ಬಂದಾವ್ರಿ ಸಾರ್. ಮುಂಜಾನಿದು ಒಂದು, ಈಗ ಆರು, ಏಳಾದ್ವು. ಸೈಕಲ್ ಅಜ್ಜಾರು ಐದು ಗಂಟೆಯಿಂದ ಇಲ್ಲೇ ಸ್ಟೂಲ್ ಮ್ಯಾಲೆ ಕುಂತಿದ್ರು. ನಾಳೆ ಬಂದು ಒಯ್ರಿ ಅಂತ ಕೈಸನ್ನಿ ಮಾಡ್ದೆ, ಕೇಳ್ಲಿಲ್ಲ. ಅವರದ ಮೊದ್ಲು ತಗದು ಕೊಟ್ಟೆ. ಹೆಸರು ನೋಡ್ಕೊಂಡ್ರು, ಮಡಚಿ ಜೇಬಿನಾಗ ಇಟ್ಕೊಂಡ್ರು, ಹೋದ್ರು."

"ಎಷ್ಟು ಗಂಟೇಕ ಕೊಟ್ಟಿ?"

"ಗಂಟಿ ಯಾಕ್ರಿ?"

"ಹೇಳವ್ವ."

"ಏಳೂ ಹತ್ತಕ್ಕ."

ಏಳೂ ಹತ್ತು ಎಂದು ದಿನದ ಪುಸ್ತಕದಲ್ಲಿ ಬರೆದು, ಸಹಿ ಹಾಕಿದೆ.